ಸಹಾಯ ಬೇಕು: ಹಳೆ ಎನ್‌ಫೀಲ್ಡ್ ಕೋವಿಯ ನಳಿಗೆಯಡಿ ತುಕ್ಕಿನ ಗುಳಿಗಳು

ನಮ್ಮ ಐನ್‌ಮನೆಯಲ್ಲಿ (ಕೊಡವ ಕುಟುಂಬದ ಮೂಲಮನೆ) 1853ರ ಮಾದರಿಯ ಎನ್‌ಫೀಲ್ಡ್ ಕೋವಿಯೊಂದಿದೆ, ಬಾಯಿಂದ ಮದ್ದು ತುಂಬುವಂಥದ್ದು. ಕೈಲ್‌ಪೊಳ್ದ್ (ಕೊಡಗಿನ ಆಯುಧ ಪೂಜೆಯ ಹಬ್ಬ) ಪೂಜೆಗೆ ಮುಂಚೆ ಚೊಕ್ಕ ಮಾಡೋಣವೆಂದು ನಳಿಗೆಯನ್ನು ಮರಕ್ಕೆ ಬಿಗಿಯುವ ಮೂರೂ ಪಟ್ಟಿ ಕಳಚಿ ನಳಿಗೆ ಎತ್ತಿದೆ. ಮೇಲೆಲ್ಲ ನುಣುಪಾಗಿದ್ದರೂ ಮರದೊಳಗೆ ಅಡಗಿದ್ದ ಭಾಗವನ್ನು ತುಕ್ಕು ತಿಂದು ಗುಳಿ ಬೀಳಿಸಿದೆ. ಕೇಪು (ಮದ್ದಿಗೆ ಕಿಡಿ ಕೊಡುವ ಸಣ್ಣ ಸಿಡಿಮುಚ್ಚಳ) ಕೂರಿಸುವ ಜಾಗದ ಬುಡದಲ್ಲಿ ಇನ್ನೂ ಆಳ. ಹಳೆ ಕೇಪು ಸಿಡಿದು ಉಳಿದ ಉಪ್ಪು ನಮ್ಮ ಕೊಡಗಿನ ಮಳೆಗಾಲದ ತೇವವನ್ನು ಎಳೆದುಕೊಂಡಿರಬೇಕು. ಲಾಕಿನ (ಕೇಪಿಗೆ ಪೆಟ್ಟು ಕೊಡುವ ಯಂತ್ರಭಾಗದ) ಹಿಂದೆ ವಾಲ್‌ನಟ್ ಮರದಲ್ಲಿ ಕೂದಲೆಳೆಯಷ್ಟು ಬಿರುಕೂ ಇದೆ, ಎಣ್ಣೆ ಇಳಿದು ಕಪ್ಪಾಗಿದೆ.

ಗುಂಡು ಹಾರಿಸುವ ಯೋಚನೆ ಖಂಡಿತ ಇಲ್ಲ, ಪೂಜೆಗಿಟ್ಟರೆ ಸಾಕು. ಉಜ್ಜುಕಾಗದ, ಆಸಿಡ್ ಬೇಡ. ಹಳೆ ಮುದ್ರೆಗಳು ಅಳಿಸಿಹೋದರೆ ಮತ್ತೆ ಬರುವುದಿಲ್ಲ. ತುಕ್ಕು ಮುಂದೆ ಹರಡದಂತೆ ತಡೆಯುವುದು ಹೇಗೆ? ಎಣ್ಣೆ ಕುಡಿದ ಮರಕ್ಕೆ ಯಾವ ಅಂಟು ಹಿಡಿಯುತ್ತದೆ? ಮಡಿಕೇರಿ, ಮೈಸೂರು ಕಡೆ ಲೈಸೆನ್ಸ್ ಇರುವ ನುರಿತ ಕೋವಿ ರಿಪೇರಿಯವರು ಗೊತ್ತಿದ್ದರೆ ದಯವಿಟ್ಟು ತಿಳಿಸಿ.