ಮ್ಯೂನಿಕ್‌ಗೆ ಹೊರಡುವ ಮೊದಲೇ ಮನೆ ಗೊತ್ತು ಮಾಡಿಕೊಳ್ಳಬೇಕೋ, ಹೋದ ಮೇಲೆ ಹುಡುಕಬೇಕೋ?

ಬನಶಂಕರಿಯಿಂದ:
ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರಿಗೆ ಮ್ಯೂನಿಕ್‌ನಲ್ಲಿ ಕೆಲಸ ಸಿಕ್ಕಿದೆ. ಸೆಪ್ಟೆಂಬರ್ 15ಕ್ಕೆ ಸೇರಬೇಕು, ಆಫೀಸು ಮ್ಯೂನಿಕ್ ಪಕ್ಕದ ಊರು ಗಾರ್ಖಿಂಗ್‌ನಲ್ಲಿ. ನಾನೂ ನಾಲ್ಕು ವರ್ಷದ ಮಗಳೂ ಜೊತೆಯಲ್ಲೇ ಹೊರಡುತ್ತೇವೆ. ಎರಡು ತಿಂಗಳಿಂದ ಇಲ್ಲಿಂದಲೇ ಮನೆ ಹುಡುಕುತ್ತಿದ್ದೇವೆ. ಅರವತ್ತು ಜನಕ್ಕಾದರೂ ಬರೆದಿದ್ದೇವೆ, ಉತ್ತರ ಕೊಟ್ಟವರು ಐದು ಜನ. ನಾಲ್ವರು "ಬಂದು ನೋಡಿ, ಆಮೇಲೆ ಮಾತಾಡೋಣ" ಅಂದರು. ಐದನೆಯವರು ಮಾತ್ರ ಕೊಡಲು ಸಿದ್ಧರಿದ್ದಾರೆ. ಮ್ಯೂನಿಕ್‌ನ ಶ್ವಾಬಿಂಗ್ ಬಡಾವಣೆಯಲ್ಲಿ 75 ಚದರ ಮೀಟರ್ ಮನೆ, ಮಂಚ ಸೋಫಾ ಎಲ್ಲ ಇದೆ, ಹೀಟಿಂಗ್ ನೀರು ಸೇರಿ ತಿಂಗಳಿಗೆ 950 ಯೂರೊ. ಮಾಲೀಕರು ಈಗ ಸ್ಪೇನ್‌ನಲ್ಲಿ ಇದ್ದಾರಂತೆ. 1,900 ಯೂರೊ ಕಳಿಸಿದರೆ ಕೀ ಕೊರಿಯರ್ ಮಾಡುತ್ತಾರಂತೆ, ಮನೆ ಹಿಡಿಸದಿದ್ದರೆ ದುಡ್ಡು ವಾಪಸಂತೆ. ಪಾಸ್‌ಪೋರ್ಟ್ ಕಾಪಿಯನ್ನೂ ಕೇಳಿದ್ದಾರೆ, ಇನ್ನೂ ಕಳಿಸಿಲ್ಲ. ನಮ್ಮ ಯಜಮಾನರು "ಇಂಥದ್ದು ಮತ್ತೆ ಸಿಗೋಲ್ಲ" ಅನ್ನುತ್ತಿದ್ದಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಆದರೆ ಮಗು ಕಟ್ಟಿಕೊಂಡು ಹೋಟೆಲಿನಲ್ಲಿ ಎಷ್ಟು ದಿನ ಇರೋದು?

ತೀರ್ಥಹಳ್ಳಿ ಹುಡುಗ:
ಅಕ್ಕಾ, ದಯವಿಟ್ಟು ಕಳಿಸಬೇಡಿ. ಇದೇ ಕಥೆಯಲ್ಲಿ ನಾನು 1,400 ಯೂರೊ ಕಳೆದುಕೊಂಡಿದ್ದೇನೆ. ಓದಲು ಬಂದವನು ನಾನು. ನನಗೆ ಹೇಳಿದ್ದು ಸ್ಪೇನ್ ಅಲ್ಲ, ಲಂಡನ್. ಅಷ್ಟೇ ವ್ಯತ್ಯಾಸ. ದೊಡ್ಡ ಬಾಡಿಗೆ ಜಾಲತಾಣದ ಥರವೇ ಕಾಣುವ ಒಂದು ಲಿಂಕ್ ಕಳಿಸಿದ್ದರು, ಅದರಲ್ಲಿ ಹಣ ಕಟ್ಟಿದೆ. ಚಳಿಗಾಲದಲ್ಲಿ ಎರಡು ಸೂಟ್‌ಕೇಸ್ ಎಳೆದುಕೊಂಡು ಆ ವಿಳಾಸಕ್ಕೆ ಹೋದರೆ ಅದು ಹಲ್ಲಿನ ಡಾಕ್ಟರ ಕ್ಲಿನಿಕ್. ಆ ದುಡ್ಡು ಅಪ್ಪ ಅಡಿಕೆ ಮಾರಿ ಕೊಟ್ಟಿದ್ದು. ಪೊಲೀಸ್ ಕಂಪ್ಲೇಂಟ್ ಕೊಟ್ಟೆ, ದುಡ್ಡು ಬರಲಿಲ್ಲ. ಮನೆಯಲ್ಲಿ ಒಂದು ವರ್ಷ ಹೇಳಿರಲೂ ಇಲ್ಲ.

ಇಸಾರ್ ದಂಡೆ:
ಹುಡುಗ ಹೇಳಿದ್ದು ಸರಿ. ನಾನಿಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ಬಾಡಿಗೆ ನೋಡಿದರೇ ಗೊತ್ತಾಗುತ್ತದೆ ಮೇಡಂ. ಇವತ್ತು ಮ್ಯೂನಿಕ್‌ನಲ್ಲಿ ಹೊಸದಾಗಿ ಕೊಡುವ ಮನೆಗೆ ಚದರ ಮೀಟರಿಗೆ 20 ಯೂರೊ ಮೇಲೆಯೇ, ಅದೂ ಬರೀ ಗೋಡೆಗಳಿಗೆ. ಅದನ್ನು ಕಾಲ್ಟ್‌ಮೀಟೆ ಅನ್ನುತ್ತಾರೆ, ಅಂದರೆ ತಣ್ಣನೆ ಬಾಡಿಗೆ. ಹೀಟಿಂಗ್, ನೀರು, ಕಸ ಎಲ್ಲ ಸೇರಿದರೆ ವಾರ್ಮ್‌ಮೀಟೆ. ಶ್ವಾಬಿಂಗ್‌ನಂಥ ಜಾಗದಲ್ಲಿ 75 ಮೀಟರ್ ಮನೆಯನ್ನು ಸಾಮಾನು ಸಮೇತ 950ಕ್ಕೆ ಯಾರೂ ಕೊಡುವುದಿಲ್ಲ. ಕೊಡುವಂತಿದ್ದರೆ ಜಾಹೀರಾತು ಹಾಕಿದ ಒಂದು ಗಂಟೆಯಲ್ಲಿ ಇನ್ನೂರು ಅರ್ಜಿ ಬಂದು ಬೀಳುತ್ತವೆ, ಬೆಂಗಳೂರಿನಲ್ಲಿ ಇರುವ ನಿಮಗಾಗಿ ಕಾಯಬೇಕಾದ ಗರಜು ಅವರಿಗೆ ಇರುವುದಿಲ್ಲ.

ಪಾಸ್‌ಪೋರ್ಟ್ ಕಾಪಿಯನ್ನಂತೂ ಕೊಡಲೇಬೇಡಿ. ಮುಂದಿನ ಮೋಸಕ್ಕೆ ನಿಮ್ಮ ಹೆಸರನ್ನೇ ಮಾಲೀಕರ ಹೆಸರೆಂದು ತೋರಿಸುತ್ತಾರೆ.

ಕಾವೇರಿ ಕೊಳ್ಳ:
ಈ ಮನೆ ಮೋಸ ಅನ್ನುವುದರಲ್ಲಿ ಅನುಮಾನವಿಲ್ಲ. ಆದರೆ ಯಾವ ಮನೆಯನ್ನೂ "ನೋಡದೆ ಒಪ್ಪಲೇಬಾರದು" ಎಂದು ಬಹಳ ಜನ ಹೇಳುವುದನ್ನು ನಾನು ಒಪ್ಪುವುದಿಲ್ಲ. ಮೂರು ವರ್ಷದ ಹಿಂದೆ ನಾವು ಮೈಸೂರಿನಲ್ಲಿ ಕೂತೇ ಮನೆ ಮಾಡಿಕೊಂಡು ಬಂದೆವು. ಕಂಪನಿಯವರು ಗೊತ್ತುಮಾಡಿದ ಒಬ್ಬ ಹೆಂಗಸು ಮನೆಗೆ ಹೋಗಿ ವೀಡಿಯೋ ಕಾಲ್‌ನಲ್ಲಿ ನಲ್ಲಿ ತಿರುಗಿಸಿ, ಕಿಟಕಿ ತೆಗೆದು, ಕೆಳಗಿನ ನೆಲಮಾಳಿಗೆವರೆಗೂ ತೋರಿಸಿದರು. ಇಳಿದ ದಿನವೇ ನಮ್ಮ ಮನೆಗೆ ಹೋಗಿ ಅನ್ನ ಸಾರು ಮಾಡಿ ಮಗುವಿಗೆ ಉಣಿಸಿದೆ. ಆ ಮೇಡಂಗೆ ಪುಟ್ಟ ಮಗು ಇದೆ. ಹೋದ ಮೇಲೆ ಹುಡುಕಿ ಅನ್ನುವವರು ಬಹಳ ಜನ ಒಂಟಿಯಾಗಿ ಬಂದವರು.

ಧಾರವಾಡದವ:
ನಾ ಒಂಟಿಯಾಗಿ ಬಂದಾವ ಅಲ್ರಿ, ಇಬ್ಬರು ಹುಡುಗರನ್ನ ಕರ್ಕೊಂಡ ಬಂದೇನಿ. ನಿಮಗ ಕಂಪನಿ ಮಂದಿ ಸಿಕ್ಕರು, ಎಲ್ಲಾರಿಗೂ ಸಿಗಂಗಿಲ್ಲ. ಇಲ್ಲಿ ಮಾಲೀಕ ಮನಿ ಕೊಡೂ ಮುಂದ ನಿಮ್ಮ ಮಾರಿ ನೋಡ್ತಾನ. ಮನಿ ನೋಡಾಕ ಹೋಗೂದು ಅಂದ್ರ ಇಲ್ಲಿ ವರ ಪರೀಕ್ಷೆ ಇದ್ದಂಗ. ನಾ ಮಕ್ಕಳನ್ನೂ ಕರ್ಕೊಂಡ ಹೋಗಿದ್ದೆ, ಮುದುಕಿ ಮಾಲಕಿ ಅವರ ಜೋಡಿ ಮಾತಾಡಿ ಮನಿ ಕೊಟ್ಲು. ಫೋನಿನ್ಯಾಗ ಅದು ಆಗ್ತಿರಲಿಲ್ಲ.

ಕಾವೇರಿ ಕೊಳ್ಳ:
ಸರಿ, ಆದರೆ ಆ ಮನೆ ಸಿಗುವವರೆಗೆ ಎಲ್ಲಿದ್ದಿರಿ? ಎಷ್ಟು ದಿನ? ಅದನ್ನೂ ಹೇಳಿ.

ಧಾರವಾಡದವ:
ಹನ್ನೊಂದು ವಾರ. ಮೂರು ಕಡೆ ಸಾಮಾನು ಎತ್ತಿದ್ವಿ. ಸಣ್ಣಾವ ಜ್ವರದಾಗ ಇದ್ದಾಗೂ ಒಮ್ಮೆ ಎತ್ತಿದ್ವಿ. ನನ್ನ ಹೆಂಡತಿ ಅತ್ತದ್ದು ಖರೇ. ಅದನ್ನ ಮುಚ್ಚಿಡಂಗಿಲ್ಲ.

ಪುತ್ತೂರು ಪೇಟೆ:
ಒಂದು ಸುಲಭದ ದಾರಿ ಇದೆ. ಪರಿಚಯದವರ ಮನೆ ವಿಳಾಸದಲ್ಲಿ ಮೊದಲು ನಗರ ಕಚೇರಿಯ ನೋಂದಣಿ ಮಾಡಿಸಿಕೊಳ್ಳಿ, ಆಮೇಲೆ ನಿಧಾನಕ್ಕೆ ಹುಡುಕಿ. ಎಷ್ಟೋ ಜನ ಹಾಗೇ ಮಾಡುವುದು. ನೂರಿನ್ನೂರು ಯೂರೊ ಕೊಟ್ಟರೆ ವಿಳಾಸ ಕೊಡುವವರೂ ಇದ್ದಾರೆ.

ಇಸಾರ್ ದಂಡೆ:
ಪುತ್ತೂರಿನವರೇ, ಈ ಸಲಹೆ ಕೊಡಬೇಡಿ. ಇದು ಇಲ್ಲಿ ಕಾನೂನಿಗೆ ವಿರುದ್ಧ. ಹೊಸಬರಿಗೆ ಅರ್ಥವಾಗಲಿ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಜರ್ಮನಿಯಲ್ಲಿ ಮನೆಗೆ ಹೋದ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದೇ ಅನ್‌ಮೆಲ್ಡುಂಗ್. 2015ರ ನವೆಂಬರ್‌ನಿಂದ ಇದಕ್ಕೆ ಮನೆ ಕೊಟ್ಟವರು ಸಹಿ ಮಾಡಿದ ಪತ್ರ ಬೇಕೇಬೇಕು. ಬಾಡಿಗೆ ಕರಾರು ತೋರಿಸಿದರೆ ಸಾಲದು. ನೋಂದಣಿ ಆದ ಮೇಲೆಯೇ ತೆರಿಗೆ ನಂಬರು ಅಂಚೆಯಲ್ಲಿ ಬರುತ್ತದೆ. ಅದು ಬರುವುದು ತಡವಾದರೆ ಸಂಬಳದಲ್ಲಿ ಸಿಕ್ಕಾಪಟ್ಟೆ ತೆರಿಗೆ ಹಿಡಿದುಬಿಡಬಹುದು, ಆಮೇಲೆ ಸರಿಮಾಡಿಸಿಕೊಳ್ಳುತ್ತಾ ಕೂರಬೇಕು. ಬ್ಯಾಂಕು, ವೀಸಾ ಮುಂದುವರಿಸುವುದು, ಮಗುವಿನ ಶಿಶುವಿಹಾರ, ಎಲ್ಲಕ್ಕೂ ಆ ಒಂದು ಕಾಗದವೇ ಬುಡ. ಅದಕ್ಕೇ ಜನ ಸುಳ್ಳು ವಿಳಾಸಕ್ಕೆ ಆಸೆ ಪಡುವುದು. ಆದರೆ ವಾಸ ಮಾಡದ ಮನೆಗೆ ಹೀಗೆ ವಿಳಾಸ ಕೊಟ್ಟವರಿಗೆ 50,000 ಯೂರೊವರೆಗೆ ದಂಡ ಹಾಕಲು ಕಾನೂನಿನಲ್ಲಿ ಅವಕಾಶವಿದೆ. ಉಪಕಾರ ಮಾಡಿದವರ ಕುತ್ತಿಗೆಗೆ ಬರುವ ಕೆಲಸ ಅದು.

ಪುತ್ತೂರು ಪೇಟೆ:
ಇಷ್ಟು ದೊಡ್ಡ ದಂಡ ಅಂತ ಗೊತ್ತಿರಲಿಲ್ಲ. ನಾನು ಹೇಳಿದ್ದು ವಾಪಸ್ ತೆಗೆದುಕೊಂಡೆ. ಆದರೆ ನಿಜವಾಗಿಯೂ ಬಂದು ಉಳಿದುಕೊಂಡರೆ ತಪ್ಪಿಲ್ಲ ಅಲ್ಲವಾ?

ಇಸಾರ್ ದಂಡೆ:
ನಿಜವಾಗಿ ವಾಸ ಮಾಡಿದರೆ ತಪ್ಪಲ್ಲ. ಆದರೆ ಬಾಡಿಗೆ ಮನೆಯಲ್ಲಿ ಇರುವವರು ಇನ್ನೊಬ್ಬರಿಗೆ ಒಳಬಾಡಿಗೆ ಕೊಡಬೇಕಾದರೆ ಮಾಲೀಕರ ಒಪ್ಪಿಗೆ ಬೇಕು. ಮೇಡಂ, ತಾತ್ಕಾಲಿಕ ಮನೆ ಹಿಡಿಯುವಾಗ ಮೊದಲನೇ ಪ್ರಶ್ನೆಯೇ ಇದಾಗಿರಲಿ: "ಇಲ್ಲಿ ಅನ್‌ಮೆಲ್ಡುಂಗ್ ಮಾಡಿಸಬಹುದಾ, ಪತ್ರ ಕೊಡುತ್ತೀರಾ?" ಇಲ್ಲ ಅಂದರೆ ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬಿಡಿ.

ಬನಶಂಕರಿಯಿಂದ:
ಎಲ್ಲರಿಗೂ ವಂದನೆಗಳು. ಇವರಿಗೂ ಓದಿಸಿದೆ. ಫೋಟೋಗಳನ್ನು ಇಂಟರ್ನೆಟ್ಟಿನಲ್ಲಿ ಹಾಕಿ ಹುಡುಕಿದರೆ ಅದೇ ಸೋಫಾ, ಅದೇ ಕಿಟಕಿ ಬೇರೆ ದೇಶದ ಒಂದು ಹೋಟೆಲಿನ ಪುಟದಲ್ಲಿ ಸಿಕ್ಕಿತು. ಕೈಕಾಲು ತಣ್ಣಗಾಯಿತು. ತೀರ್ಥಹಳ್ಳಿ ತಮ್ಮಾ, ನೀನು ಹೇಳಿಕೊಂಡದ್ದಕ್ಕೆ ನಾವು ಉಳಿದೆವು.

ಈಗ ಇನ್ನೊಂದು ವಿಷಯ. ಗಾರ್ಖಿಂಗ್ ಹತ್ತಿರವೇ ನಮ್ಮ ಕನ್ನಡದವರೊಬ್ಬರು ಮನೆ ಖಾಲಿ ಮಾಡುತ್ತಿದ್ದಾರೆ. ಮಾಲೀಕರಿಗೆ ನಮ್ಮ ಹೆಸರು ಹೇಳುತ್ತಾರಂತೆ. ಆದರೆ ಅಡುಗೆಮನೆ ಕಪಾಟು, ಹಳೇ ಸೋಫಾ, ವಾಷಿಂಗ್ ಮಷೀನ್ ಎಲ್ಲ ನಾವೇ ಕೊಳ್ಳಬೇಕು, 7,000 ಯೂರೊ ಅಂತ ಹೇಳಿದ್ದಾರೆ. ಅಡುಗೆಮನೆಯನ್ನು ದುಡ್ಡು ಕೊಟ್ಟು ಕೊಳ್ಳೋದು ಅಂದರೆ ಏನು ಅಂತಲೇ ಅರ್ಥವಾಗಲಿಲ್ಲ.

ಧಾರವಾಡದವ:
ಇಲ್ಲಿ ಭಾಳ ಮನಿಗೋಳು ಬರೇ ನಾಕು ಗ್ವಾಡಿ ಇರ್ತಾವ್ರಿ. ಅಡಗಿ ಮನಿಯೊಳಗ ಸಿಂಕ್ ಸುದ್ದಾ ಇರಂಗಿಲ್ಲ, ದೀಪದ ಜಾಗಾದಾಗ ವೈರ್ ಜೋತಾಡ್ತಿರ್ತದ. ಬಾಡಗಿಯವರ ಕಪಾಟು, ಒಲಿ ಹಾಕಿಸ್ಕೊಂಡಿರ್ತಾರ, ಬಿಟ್ಟು ಹೋಗೂ ಮುಂದ ಮುಂದಿನವರಿಗೆ ಮಾರ್ತಾರ. ಅದು ರೂಢಿ, ತಪ್ಪಲ್ಲ. ಆದ್ರ 7,000 ಅಂದ್ರ ಅತಿ ಆತು. ಎಷ್ಟು ವರ್ಷದ ಅಡಗಿಮನಿ ಅದು?

ಬನಶಂಕರಿಯಿಂದ:
ಹತ್ತು ವರ್ಷ ಹಳೆಯದಂತೆ. ಅವರೂ ಇನ್ನೊಬ್ಬರಿಂದ ಕೊಂಡದ್ದು.

ಪುತ್ತೂರು ಪೇಟೆ:
ಕೊಟ್ಟುಬಿಡಿ ಅನ್ನುತ್ತೇನೆ. ನಾನು ಬಂದಾಗ 5,000 ಕೊಟ್ಟೆ. ಮನೆ ಸಿಗುವುದೇ ಕಷ್ಟ ಇರುವಾಗ ಬೆಲೆ ಕೇಳುತ್ತಾ ಕೂತರೆ ಬೇರೆಯವರು ಎತ್ತಿಕೊಳ್ಳುತ್ತಾರೆ. ಹೋಟೆಲಿಗೆ ಸುರಿಯುವ ದುಡ್ಡು ಲೆಕ್ಕ ಹಾಕಿದರೆ ಇದೇ ಲಾಭ.

ಇಸಾರ್ ದಂಡೆ:
ನನಗೆ ಇದರ ಬಗ್ಗೆ ನಿಜಕ್ಕೂ ನೋವಿದೆ. ಸ್ಪೇನ್‌ನಲ್ಲಿ ಇದ್ದೇನೆ ಅಂದವನು ಕಳ್ಳ, ಒಪ್ಪಿದೆ. ಆದರೆ ಹಬ್ಬಕ್ಕೆ ಕರೆದು ಹೋಳಿಗೆ ಬಡಿಸಿ, ಊರು ಯಾವುದು ಎಂದು ಕೇಳಿ, ಹೊಸಬರ ಆತುರವನ್ನು ನೋಡಿಕೊಂಡು ಹತ್ತು ವರ್ಷದ ಕಪಾಟಿಗೆ 7,000 ಹೇಳುವುದಕ್ಕೆ ಏನನ್ನೋಣ? ಮನೆ ಬಿಟ್ಟುಕೊಡುವುದಕ್ಕೆಂದೇ ಹಣ ಕೇಳುವಂತಿಲ್ಲ ಎಂದು ಕಾನೂನೇ ಇದೆ. ಸಾಮಾನಿನ ಬೆಲೆಯಾಗಿ ಕೇಳಬಹುದು, ಆದರೆ ಅದರ ನಿಜವಾದ ಬೆಲೆಗೂ ಕೇಳುವ ಹಣಕ್ಕೂ ಎದ್ದು ಕಾಣುವ ಅಂತರವಿದ್ದರೆ ಆ ಹೆಚ್ಚಿನ ಭಾಗ ನಿಲ್ಲುವುದಿಲ್ಲ. ಹತ್ತು ವರ್ಷದ ಅಡುಗೆಮನೆಗೆ ಸಾವಿರ, ಸಾವಿರದೈನೂರು ಕೊಡಬಹುದೇನೋ. ಪುತ್ತೂರಿನವರೇ, ನೀವು 5,000 ಕೊಟ್ಟಿರಿ, ಅದು ಅನ್ಯಾಯವೇ. ಆ ಅನ್ಯಾಯವನ್ನು ಮುಂದಿನವರ ತಲೆಗೆ ಕಟ್ಟುತ್ತಾ ಹೋದರೆ ಇದು ನಿಲ್ಲುವುದು ಯಾರ ಕೈಯಲ್ಲಿ?

ಪುತ್ತೂರು ಪೇಟೆ:
ಮುಂದಿನ ವರ್ಷ ನಾನೂ ಮನೆ ಬದಲಾಯಿಸುವವನಿದ್ದೇನೆ. ಕೊಟ್ಟ 5,000ವನ್ನು ಬರುವವರಿಂದ ವಸೂಲು ಮಾಡಬೇಕು ಅಂತಲೇ ಇದ್ದೆ. ಯೋಚನೆ ಮಾಡುತ್ತೇನೆ. ಪೂರ್ತಿ ಬಿಟ್ಟುಬಿಡುತ್ತೇನೆ ಅಂತ ಇವತ್ತು ಹೇಳಲಾರೆ.

ಕಾವೇರಿ ಕೊಳ್ಳ:
ಡೆಪಾಸಿಟ್ ಬಗ್ಗೆಯೂ ತಿಳಿದಿರಲಿ ಮೇಡಂ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಅಭ್ಯಾಸವಾದವರಿಗೆ ಯಾರಾದರೂ ಐದು ತಿಂಗಳದ್ದು ಕೇಳಿದರೆ ಕಡಿಮೆಯೇ ಅನಿಸಿಬಿಡುತ್ತದೆ. ಇಲ್ಲಿ ಮೂರು ತಿಂಗಳ ತಣ್ಣನೆ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ. ಅದನ್ನೂ ಮೂರು ಕಂತಿನಲ್ಲಿ ಕಟ್ಟುವ ಹಕ್ಕು ನಿಮಗಿದೆ, ಮೊದಲ ಕಂತು ಬಾಡಿಗೆ ಶುರುವಾದಾಗ. ಮಾಲೀಕರು ಅದನ್ನು ತಮ್ಮ ಹಣದ ಜೊತೆ ಬೆರೆಸದೆ ಬೇರೆ ಇಡಬೇಕು. ಕೀ ಕೈಗೆ ಬರುವ ಮುಂಚೆ ಡೆಪಾಸಿಟ್ ಕೇಳಿದರೇ ಅನುಮಾನ ಪಡಿ. ಮಾಲೀಕರು ಗೊತ್ತುಮಾಡಿದ ಬ್ರೋಕರ್‌ಗೆ 2015ರ ಜೂನ್‌ನಿಂದ ಮಾಲೀಕರೇ ಕಮಿಷನ್ ಕೊಡಬೇಕು, ನೀವಲ್ಲ.

ಇನ್ನೊಂದು, ಕೋಣೆ ಲೆಕ್ಕ. ಅಡುಗೆಮನೆ, ಬಚ್ಚಲು ಬಿಟ್ಟು ಹಾಲ್ ಸೇರಿಸಿ ಎಣಿಸುತ್ತಾರೆ. ನಮ್ಮ ಟೂ ಬಿಎಚ್‌ಕೆ ಅಂದರೆ ಇಲ್ಲಿ ಮೂರು ಕೋಣೆ ಮನೆ. ನಾವು ಮೊದಲು ಎರಡು ಕೋಣೆ ಅಂತ ಹುಡುಕಿ ತಿಂಗಳು ಹಾಳು ಮಾಡಿಕೊಂಡೆವು.

ಧಾರವಾಡದವ:
ಸೆಪ್ಟೆಂಬರ್ ಅಂತ ಬರದೀರಿ, ಅದು ಈಗ ಲಕ್ಷ್ಯಕ್ಕ ಬಂತು. ಆಕ್ಟೋಬರ್‌ಫೆಸ್ಟ್ ಅನ್ನೂ ಇಲ್ಲಿಯ ದೊಡ್ಡ ಬಿಯರ್ ಜಾತ್ರಿ ಸೆಪ್ಟೆಂಬರ್ ನಡು ದಾಟಿದ ಮ್ಯಾಲೆ ಚಾಲೂ ಆಗ್ತದ, ಹೋಟೆಲ್ ರೇಟ್ ಗಗನಕ್ಕ ಹೋಗ್ತಾವ. ಉಳಿಯೂ ಜಾಗಾ ಇವತ್ತ ಬುಕ್ ಮಾಡ್ರಿ, ಅದನ್ನ ಮಾತ್ರ ಮುಂದೂಡಬ್ಯಾಡ್ರಿ. ಶಹರದಾಗ ಸಿಗಲಿಲ್ಲಂದ್ರ ಊರ ಹೊರಗ ನೋಡ್ರಿ. ಗಾರ್ಖಿಂಗ್ ಆಫೀಸಿಗೆ ಯು6 ರೈಲು ನೆಟ್ಟಗ ಹೋಗ್ತದ, ಆ ಲೈನಿನ ಮ್ಯಾಲ ಎಲ್ಲೆ ಸಿಕ್ಕರೂ ನಡೀತದ.

ಕಾವೇರಿ ಕೊಳ್ಳ:
ಹಾಗಾದರೆ ನಮ್ಮಿಬ್ಬರ ಮಾತು ಒಂದೇ ಕಡೆ ಬಂತು ಧಾರವಾಡದವರೇ. ಮಗು ಇರುವವರು ಮೊದಲ ಮೂರು ತಿಂಗಳಿಗೆ ತಾತ್ಕಾಲಿಕ ಮನೆಯನ್ನು ಊರಿನಿಂದಲೇ ಗೊತ್ತು ಮಾಡಿಕೊಂಡು ಬರಬೇಕು, ಖಾಯಂ ಮನೆಯನ್ನು ಕಣ್ಣಾರೆ ನೋಡಿ ಹಿಡಿಯಬೇಕು. ಮೂರು ತಿಂಗಳಲ್ಲಿ ಮೂರು ಸಂಬಳದ ಚೀಟಿಯೂ ಕೈಗೆ ಬರುತ್ತದೆ. ಮಾಲೀಕರು ಮೊದಲು ಕೇಳುವುದೇ ಅದನ್ನು. ಸಾಲ ತೀರಿಸಿದ ದಾಖಲೆ, ಶುಫಾ ಅನ್ನುತ್ತಾರೆ, ಅದು ಹೊಸಬರ ಹತ್ತಿರ ಇರುವುದಿಲ್ಲ. ಅದರ ಬದಲು ಕೆಲಸದ ಕರಾರು, ಕಂಪನಿ ಪತ್ರ, ಈಗಿರುವ ಮನೆಯವರು ಬಾಡಿಗೆ ಬಾಕಿ ಇಲ್ಲ ಎಂದು ಇಂಗ್ಲಿಷಿನಲ್ಲಿ ಬರೆದ ಪತ್ರ ತನ್ನಿ.

ಧಾರವಾಡದವ:
ಹೌದ್ರಿ. ಹನ್ನೊಂದು ವಾರ ಅಡ್ಡಾಡೂದು ನಮಗೂ ತಪ್ಪತಿತ್ತು.

ಇಸಾರ್ ದಂಡೆ:
ಮೇಡಂ, ನೀವು ಯಾವುದೇ ತಾತ್ಕಾಲಿಕ ಮನೆ ಆರಿಸಿದರೂ ಹಣ ಕಟ್ಟುವ ಮುಂಚೆ ವಿಳಾಸವನ್ನು ಖಾಸಗಿಯಾಗಿ ಕಳಿಸಿ. ಶನಿವಾರ ನಾನೂ ನನ್ನ ಹೆಂಡತಿಯೂ ಹೋಗಿ ನೋಡಿ, ಅಲ್ಲಿಂದಲೇ ವೀಡಿಯೋ ಕಾಲ್ ಮಾಡುತ್ತೇವೆ. ನಾನು ಬಂದ ಹೊಸತರಲ್ಲಿ ನನಗೂ ಒಬ್ಬರು ಹಾಗೆ ಹೋಗಿ ನೋಡಿದ್ದರು.

ತೀರ್ಥಹಳ್ಳಿ ಹುಡುಗ:
ಅಣ್ಣಾ, ನಾನೂ ಬರುತ್ತೇನೆ. ಈಗ ಮ್ಯೂನಿಕ್‌ನ ಫ್ರೈಮಾನ್‌ನಲ್ಲೇ ಇದ್ದೇನೆ. ಓದಲು ಬರುವ ಹುಡುಗರು ಯಾರಾದರೂ ಇದ್ದರೆ ಅವರ ಮನೆಗಳನ್ನು ನಾನು ನೋಡಿ ಬರುತ್ತೇನೆ, ದುಡ್ಡು ಬೇಡ.

ಬನಶಂಕರಿಯಿಂದ:
ಹತ್ತು ದಿನದ ಮೇಲೆ ಬರೆಯುತ್ತಿದ್ದೇನೆ. ಊರ ಉತ್ತರಕ್ಕೆ ಮೂರು ತಿಂಗಳಿಗೆ ಸಾಮಾನು ಸಮೇತದ ಎರಡು ಕೋಣೆ ಮನೆ ಸಿಕ್ಕಿತು. ಬಾಡಿಗೆ ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿಯೇ. ಆದರೆ ನೋಂದಣಿ ಪತ್ರ ಕೊಡುತ್ತೇವೆ ಎಂದು ಬರೆದುಕೊಟ್ಟಿದ್ದಾರೆ. ಅಣ್ಣನವರು ಶನಿವಾರ ಹೋಗಿ ಬಚ್ಚಲಿನ ಬಿಸಿನೀರಿನವರೆಗೆ ತೋರಿಸಿದರು, ಮಗಳು ಫೋನಿನಲ್ಲೇ ತನ್ನ ಮಂಚ ಯಾವುದೆಂದು ಆರಿಸಿಕೊಂಡಳು. 7,000ದ ಮನೆಗೆ ಬೇಡ ಎಂದು ಹೇಳಿದೆವು. ನಾವು ಹಿಡಿದ ಮನೆಯಲ್ಲಿ ಇಂಡಕ್ಷನ್ ಒಲೆಯಂತೆ. ನನ್ನದು ಹಳೇ ಅಲ್ಯೂಮಿನಿಯಂ ಕುಕ್ಕರ್, ಅದು ನಡೆಯುತ್ತದಾ?

ಧಾರವಾಡದವ:
ನಡೆಯಂಗಿಲ್ಲ ತಂಗಿ. ತಳಕ್ಕ ಅಯಸ್ಕಾಂತ ಹಚ್ಚಿ ನೋಡು, ಅಂಟಿದ್ರಷ್ಟ ತಾ. ಮೂರು ಲೀಟರಿಂದು ಸ್ಟೀಲಿಂದು ಒಂದು ಕೊಂಡ್ಕೊಂಡ ಬಾ, ಎರಡು ಗ್ಯಾಸ್ಕೆಟ್ ಜಾಸ್ತಿ ಇಟ್ಕೋ.