ಅತ್ತೆ ಮಂಡಿಗೆ ಉಡದ ಎಣ್ಣೆ ಬೇಡ

ಹಾ, ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆ ಭಾವ ಫಾರ್ವರ್ಡ್ ಮಾಡಿದ್ರಲ್ಲ, ಸಂತೇಲಿ ಉಡದ ಎಣ್ಣೆ ಬಂದಿದೆ, ಸೀಸೆಗೆ 800 ರೂಪಾಯಿ, ಅತ್ತೆ ಮಂಡಿನೋವಿಗೆ ಎರಡು ತರಿಸೋಣ ಅಂತ, ಅದಕ್ಕೇ ಈ ಮೆಸೇಜು. ಸ್ವಲ್ಪ ಉದ್ದ ಆಗತ್ತೆ, ಪೂರ್ತಿ ಕೇಳಿ. ತರಿಸ್ಬೇಡಿ ಭಾವ. ಅಸಲಿ ಆದ್ರೆ ಕೇಸು, ನಕಲಿ ಆದ್ರೆ ದುಡ್ಡು ಹೋಯ್ತು.

ಉಡದ ಪಟ್ಟು ಅಂತೀವಲ್ಲ, ನಂಬಿಕೆ ಹುಟ್ಟಿದ್ದೇ ಅಲ್ಲಿ. ಗೋಡೆ ಹಿಡಿದ್ರೆ ಬಿಡಲ್ಲ, ಹಾಗಾಗಿ ಅದರ ಕೊಬ್ಬು ಹಚ್ಚಿದ್ರೆ ನಮ್ಮ ಕೀಲಿಗೂ ಪಟ್ಟು ಬರತ್ತೆ ಅನ್ನೋ ಲೆಕ್ಕ. ಮರಾಠಿಯಲ್ಲಿ ಘೋರ್ಪಡ್ ಅಂದ್ರೆ ಉಡ. ನಮ್ಮ ಸಂಡೂರಿನ ಘೋರ್ಪಡೆ ಮನೆತನದ ಹೆಸರಿಗೂ ಉಡಕ್ಕೆ ಹಗ್ಗ ಕಟ್ಟಿ ಕೋಟೆ ಹತ್ತಿದ ಕಥೆ ಹೇಳ್ತಾರೆ. ಕಥೆ ಚೆನ್ನಾಗೇ ಇದೆ. ಆದ್ರೆ ಆ ಪಟ್ಟು ಇರೋದು ಉಗುರಲ್ಲಿ, ಕಾಲಿನ ಸ್ನಾಯುವಲ್ಲಿ. ಕೊಬ್ಬು ಕರಗಿಸಿದ್ರೆ ಕೋಳಿದಾಗ್ಲಿ ಉಡದ್ದಾಗ್ಲಿ, ಕೊಬ್ಬೇ. ಹಚ್ಚಿದಾಗ ಹಾಯ್ ಅನ್ಸೋದು ಹತ್ತು ನಿಮಿಷ ತಿಕ್ಕಿದ್ದಕ್ಕೆ, ಅದಕ್ಕೆ ಬೆರೆಸೋ ಕರ್ಪೂರ, ಮೆಂಥಾಲ್‌ಗೆ. ಮನೇಲಿ ಎಳ್ಳೆಣ್ಣೆ ಬೆಚ್ಚಗೆ ಮಾಡಿ ತಿಕ್ಕಿದ್ರೂ ಅಷ್ಟೇ ಹಾಯ್. ಚರ್ಮದ ಮೇಲೆ ಹಚ್ಚಿದ ಯಾವ ಎಣ್ಣೆಯಿಂದ್ಲೂ ಸವೆದ ಕೀಲು ಮತ್ತೆ ಬೆಳೆಯಲ್ಲ. ಇನ್ನು ಸೊಂಟಕ್ಕೆ ಬಲ ಅಂತ ಹಸಿ ರಕ್ತ ಕುಡಿಯೋರಿದ್ದಾರೆ. ಸರೀಸೃಪಗಳ ಮೈಯಲ್ಲಿ ಸಾಲ್ಮೊನೆಲ್ಲಾ ಅನ್ನೋ ರೋಗಾಣು ಇರೋದು ಸಾಮಾನ್ಯ, ಕೊನೆಗೆ ಸಿಗೋದು ವಾಂತಿ-ಭೇದಿ.

ಫುಟ್‌ಪಾತಲ್ಲಿ ಮುಳ್ಳುಬಾಲದ ಹಲ್ಲಿ ಸಾಲಾಗಿಟ್ಟು, ಎದುರಿಗೇ ಕೊಬ್ಬು ಕಾಯಿಸಿ ಸಾಂಡಾ ಎಣ್ಣೆ ಅಂತ ಮಾರ್ತಾರಲ್ಲ, ಅದು ಉಡ ಅಲ್ಲ, ರಾಜಸ್ಥಾನ, ಕಚ್ಛ್ ಕಡೆ ಮರಳುನಾಡಿನ ಪ್ರಾಣಿ, ಹೆಚ್ಚಾಗಿ ಸೊಪ್ಪು ತಿನ್ನೋದು. ಓಡದೇ ಇರ್ಲಿ ಅಂತ ಬೆನ್ನುಮೂಳೆ ಮುರಿದಿಟ್ಟಿರ್ತಾರೆ. ಜೀವ ಇರತ್ತೆ, ನೋಡೋರಿಗೆ ಸಾಧು ಪ್ರಾಣಿ ಅನ್ಸತ್ತೆ. ಅಕ್ಕ ಕೇಳಿದ್ದ 'ಹಾಥಾ ಜೋಡಿ' ಬೇರು, ಸಿಂಧೂರ ಹಚ್ಚಿ ಡಬ್ಬಿಯಲ್ಲಿ ಕೊಡ್ತಾರಲ್ಲ, ಅದು ಗಿಡದ ಬೇರೇ ಅಲ್ಲ. ಗಂಡು ಉಡದ ಜನನಾಂಗ ಒಣಗಿಸಿದ್ದು. ದೇವರ ಮನೇಲಿ ಇಡೋ ಮುಂಚೆ ಅದು ಗೊತ್ತಿರ್ಲಿ!

ಕಾನೂನು ವಿಷಯ. ಉಡ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿದೆ, ಹುಲಿ ಇರೋ ಪಟ್ಟೀಲೇ. ಶಿಕ್ಷೆ ಕನಿಷ್ಠ 3 ವರ್ಷ, 7ರವರೆಗೂ ಹೋಗತ್ತೆ. ದಂಡ ಕನಿಷ್ಠ 25,000. ಮಾರಿದೋನಿಗೆ ಮಾತ್ರ ಅಂದ್ಕೋಬೇಡಿ. 57ನೇ ಕಲಂ ಪ್ರಕಾರ ಮಾಲು ಯಾರ ಹತ್ರ ಸಿಕ್ತೋ ಅವರೇ ಅದು ಕಾನೂನುಬಾಹಿರ ಅಲ್ಲ ಅಂತ ತೋರಿಸ್ಬೇಕು. 2023ರ ಅಕ್ಟೋಬರಲ್ಲಿ ಹುಲಿ ಉಗುರಿನ ಗಲಾಟೆ ನೆನಪಿದೆಯಲ್ಲ, ಲಾಕೆಟ್ ಹಾಕ್ಕೊಂಡೋರೇ ಸಿಕ್ಕಿಬಿದ್ರು.

ಅದಕ್ಕೆ, ಅಪ್ಪಿತಪ್ಪಿ ಯಾರಾದ್ರೂ ಕೊಟ್ಟು ಹೋಗಿದ್ರೆ ಕಸಕ್ಕೆ ಹಾಕ್ಬೇಡಿ, ಇನ್ನೊಬ್ಬರಿಗೂ ಕೊಡ್ಬೇಡಿ. 48 ಗಂಟೆಯೊಳಗೆ ಹತ್ತಿರದ ವಲಯ ಅರಣ್ಯಾಧಿಕಾರಿ ಕಚೇರಿಗೆ ತಿಳಿಸಿ ಒಪ್ಪಿಸಿ, ಸ್ವೀಕೃತಿ ಬರೆಸ್ಕೊಳ್ಳಿ. ಸಂತೇಲಿ ಕಂಡ್ರೆ ಜಾಗ, ಸಮಯ, ಗಾಡಿ ನಂಬರ್ ನೋಡ್ಕೊಂಡು, ದೂರ ಬಂದು ಅರಣ್ಯ ಸಹಾಯವಾಣಿ 1926ಕ್ಕೆ ಹೇಳಿ. ಜಗಳ ಬೇಡ. ಪಾಪ ಅಂತ ದುಡ್ಡು ಕೊಟ್ಟು ಬಿಡಿಸೋದಂತೂ ಬೇಡವೇ ಬೇಡ, ಮುಂದಿನ ವಾರ ಅವನು ಎರಡು ಹಿಡ್ಕೊಂಡು ಬರ್ತಾನೆ. ಹೊಲದಲ್ಲಿ ಉಡ ಕಂಡ್ರೆ ಅದರ ಪಾಡಿಗೆ ಬಿಡಿ, ಬದುವಿನ ಏಡಿ, ಇಲಿ ತಿನ್ನತ್ತೆ. ನಾಯಿ ಮಾತ್ರ ಕಟ್ಟಿಹಾಕಿ.

ಈಗ ಅತ್ತೆ ಮಂಡಿ. ಕುರ್ಚಿ ಮೇಲೆ ಕೂತು ಒಂದು ಕಾಲು ನೇರ ಚಾಚಿ, ಐದು ಎಣಿಸಿ ಇಳಿಸ್ಬೇಕು. ಒಂದೊಂದು ಕಾಲಿಗೆ ಹತ್ತು ಸಲ, ಬೆಳಿಗ್ಗೆ ಸಂಜೆ. ತೊಡೆ ಸ್ನಾಯು ಗಟ್ಟಿಯಾದ್ರೆ ಮಂಡಿ ಮೇಲಿನ ಭಾರ ಇಳಿಯತ್ತೆ, ವಾರದಲ್ಲಿ ಗೊತ್ತಾಗಲ್ಲ, ಆರೆಂಟು ವಾರ ಬೇಕು. ಬಿಸಿನೀರಿನ ಶಾಖ 15 ನಿಮಿಷ. ಕುಕ್ಕರುಗಾಲಲ್ಲಿ ಕೂರೋದು ಬಿಡ್ಲಿ, ಕಮೋಡ್ ಹಾಕಿಸಿ, ಆ 1600 ಅದಕ್ಕೆ ಸೇರತ್ತೆ. ಮಂಡಿ ಕೆಂಪಗೆ ಊದಿ ಜ್ವರ ಇದ್ರೆ ಮಾತ್ರ ಕಾಯ್ಬೇಡಿ, ಅವತ್ತೇ ತೋರಿಸಿ. ಭಾವ, ಅತ್ತೆದು ಕೊನೇ ಎಕ್ಸ್‌ರೇ ಯಾವಾಗ ತೆಗೆಸಿದ್ದು? ಫೋಟೋ ಹಾಕಿ ಇಲ್ಲೇ.