ಹುಳದ ಮೈಮೇಲೆ ಬೆಳೆದು ಅದನ್ನೇ ಮುಗಿಸೋ ಕೀಟಕ್ಕೆ ಯಾವ ಪದ?

ತೆಂಗಿನ ಕಪ್ಪುತಲೆ ಹುಳದ ಬಗ್ಗೆ ರೈತರಿಗೆ ಒಂದು ಕರಪತ್ರ ಬರೀತಾ ಇದೀನಿ, 'ಪರೋಪಜೀವಿ' ಅನ್ನೋ ಕಡೆ ಪೆನ್ನು ನಿಂತ್ಬಿಡ್ತು. ಈ ಹುಳನ ಹತೋಟಿ ಮಾಡಕ್ಕೆ ತೋಟಕ್ಕೆ ಬಿಡೋ ಗೋನಿಯೋಜಸ್ ಅನ್ನೋ ಪುಟ್ಟ ಕಣಜಕ್ಕೆ ಸಾಮಾನ್ಯವಾಗಿ ಇದೇ ಪದ ಹಾಕ್ತಾರೆ, ಆದ್ರೆ ತಲೇಲಿರೋ ಹೇನು, ದನದ ಉಣ್ಣೆ, ಹೊಟ್ಟೆ ಜಂತುಹುಳ ಎಲ್ಲಾನೂ ಪರೋಪಜೀವೀನೇ ಅಲ್ವಾ? ಹೇನು ನಮ್ಮನ್ನ ಸಾಯಿಸಲ್ಲ, ನಾವು ಸತ್ರೆ ಅದಕ್ಕೇ ಲಾಸು. ಈ ಕಣಜ ಹಾಗಲ್ಲ. ಗರಿ ಅಡಿಭಾಗದಲ್ಲಿ ಹುಳ ನೂಲು, ಹಿಕ್ಕೆ ಎಲ್ಲ ಸೇರಿಸಿ ಕಟ್ಕೊಂಡಿರೋ ಸುರಂಗಕ್ಕೇ ನುಗ್ಗಿ, ಚುಚ್ಚಿ, ಅಲ್ಲಾಡದಂಗೆ ಮಾಡಿ ಅದರ ಮೈಮೇಲೇ ಮೊಟ್ಟೆ ಇಡುತ್ತೆ, ಮರಿಗಳು ಹೊರಗಿಂದ್ಲೇ ಹೀರಿ ಹುಳನ ಬರೀ ಸಿಪ್ಪೆ ಮಾಡ್ತವೆ, ತಾಯಿ ಪಕ್ಕದಲ್ಲೇ ಕಾವಲು ಕೂತಿರುತ್ತೆ. ಹುಳ ಸಾಯ್ಲೇಬೇಕು, ಇಲ್ದಿದ್ರೆ ಕಣಜದ ಸಂಸಾರ ನಡೆಯಲ್ಲ.

'ಪರಭಕ್ಷಕ' ಅನ್ನೋಣ ಅಂದ್ರೆ ಅದು ಗುಲಗಂಜಿ ಹುಳದಂಥವಕ್ಕೆ ಸರಿ, ಒಂದಾದ್ಮೇಲೊಂದು ಸಸ್ಯಹೇನು ತಿನ್ಕೊಂಡು ಹೋಗೋದು. ಇಲ್ಲಿ ಮರಿಯ ಊಟ ಪೂರ್ತಿ ಒಂದೇ ಹುಳದಲ್ಲಿ ಮುಗೀತದೆ.

'ಮಿತ್ರಕೀಟ' ನಂಗೆ ಒಪ್ಪಿಗೆ ಇಲ್ಲ. 1980ರಲ್ಲಿ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಬಂದ ಊಜಿ ನೊಣ ರೇಷ್ಮೆಹುಳಕ್ಕೆ ಮಾಡೋದೂ ಹೆಚ್ಚುಕಮ್ಮಿ ಇದೇ ಕೆಲ್ಸ, ಮೈಮೇಲೆ ಮೊಟ್ಟೆ ಇಡುತ್ತೆ, ಮರಿ ಒಳಗೆ ಕೊರ್ಕೊಂಡು ಹೋಗುತ್ತೆ, ಆಮೇಲೆ ಗೂಡು ತೂತು ಮಾಡ್ಕೊಂಡು ಹೊರಗೆ ಬರುತ್ತೆ, ಆ ಗೂಡಿಂದ ನೂಲು ಬಿಚ್ಚಕ್ಕಾಗಲ್ಲ. ಅದನ್ನ ಯಾವ ರೈತ ಮಿತ್ರ ಅಂತಾನೆ? ಆ ಊಜಿಯ ಕೋಶದೊಳಗೆ ಮೊಟ್ಟೆ ಇಡೋ ನೆಸೋಲಿಂಕ್ಸ್ ಅಂತ ಇನ್ನೊಂದು ಕಣಜ ಇದೆ, ಅದನ್ನ ಮಾತ್ರ ನಾವೇ ತಂದು ಬಿಡ್ತೀವಿ. ಕೀಟದ ಕಸುಬಿಗೆ ಹೆಸರು ಬೇಕಾಗಿರೋದು, ನಮ್ಮ ಲಾಭ ನಷ್ಟಕ್ಕಲ್ಲ.

(ಬಲಿಯಾಗೋ ಹುಳಕ್ಕೆ 'ಆತಿಥೇಯ' ಅಂತ ಪುಸ್ತಕದಲ್ಲಿ ಬರೀತಾರೆ, ಕ್ರಿಕೆಟ್ ನೆನಪಾಗುತ್ತೆ. 'ಆಸರೆ ಹುಳ' ಸಾಕು.)

ನಂಗೆ ಹೊಳೆದಿದ್ದು ವಚನಗಳಲ್ಲಿ ಬರೋ 'ಕುಂಡಲಿಗ', ಅಂದ್ರೆ ಮಣ್ಣಿನ ಗೂಡು ಕಟ್ಟೋ ಕಣಜ. ಕೀಡೆನ (ಹುಳನ) ತಂದು ಆ ಗೂಡಲ್ಲಿಟ್ಟು ತನ್ನಂಗೇ ಮಾಡ್ಕೊಳ್ಳುತ್ತೆ ಅಂತಾರಲ್ಲ, ನಿಜವಾಗಿ ಅಲ್ಲಿ ಕೀಡೆ ಕುಂಡಲಿಗ ಆಗಲ್ಲ, ಕುಂಡಲಿಗದ ಮರಿ ಕೀಡೆನ ತಿಂದು ಹೊರಗೆ ಬರುತ್ತೆ. ಗೋನಿಯೋಜಸ್ ಹುಳನ ಎತ್ಕೊಂಡು ಹೋಗಲ್ಲ, ಮಣ್ಣಿನ ಗೂಡೂ ಕಟ್ಟಲ್ಲ, ಅದೇ ಮುಖ್ಯ ವ್ಯತ್ಯಾಸ. ಈ ಪದನ ಹಿಗ್ಗಿಸಿ ಬಳಸಿದ್ರೆ ತಪ್ಪಾಗುತ್ತಾ? ತಿಪಟೂರು, ಅರಸೀಕೆರೆ ಕಡೆ ತೋಟದೋರ ಬಾಯಲ್ಲಿ ಬೇರೆ ಹೆಸರೇನಾದ್ರೂ ಇದ್ಯಾ, ಇಲ್ಲ 'ಹುಳ ಬಿಟ್ರು' ಅಂತಷ್ಟೇ ಅಂತಾರಾ?